ಗಾಜಿನ ಇನ್ನೊಂದು ತುದಿ

ಪರದೆಯಮ್ಮನ ಕೂದಲು ಬೆಳ್ಳಗಾಗಿತ್ತು, ಮಂಡಿ ಸವೆದಿತ್ತು, ಸೂಜಿಗೆ ದಾರ ಪೋಣಿಸಲು ಕನ್ನಡಕದ ಮೇಲೆ ಕನ್ನಡಕ ಬೇಕಾಗುತ್ತಿತ್ತು. ಹೊಟ್ಟೆಕಿಚ್ಚು ಮಾತ್ರ ಅವಳು ಮದುವೆಯಾಗಿ ಬಂದ ವರ್ಷ ಹೇಗಿತ್ತೋ ಹಾಗೇ ಇತ್ತು, ಒಂದು ಹಲ್ಲೂ ಉದುರಿರಲಿಲ್ಲ. ಅದು ಗಂಡನ ಅಕ್ಕನ ಮೇಲಿನ ಹೊಟ್ಟೆಕಿಚ್ಚು. ಆಸ್ಪತ್ರೆಯ ವಾರ್ಡಿನಲ್ಲಿ, ಔಷಧಿಯ ವಾಸನೆಯ ನಡುವೆಯೂ, ಅದು ಚೆನ್ನಾಗಿಯೇ ಉರಿಯುತ್ತಿತ್ತು.

ಬೆನ್ನೆಲುಬಿನ ಡಾಕ್ಟರು ಮಂಚದ ಪಕ್ಕ ನಿಂತು, ಆಪರೇಷನ್ ಮಾಡಿಸುತ್ತೀರೋ ಇಲ್ಲವೋ ಎಂದು ಕೇಳಿದ್ದರು. ಗಂಡ ಹೆಂಡತಿಯ ಕಡೆ ತಿರುಗಿಯೂ ನೋಡದೆ, ಅಕ್ಕ ಬರಲಿ, ಕೇಳಿ ಹೇಳುತ್ತೇನೆ ಎಂದುಬಿಟ್ಟ. ತಿರುಗುವುದು ಅವನಿಂದ ಆಗುತ್ತಿರಲಿಲ್ಲ ಅನ್ನಿ, ಬೆನ್ನು ಮುರಿದು ಅಂಗಾತ ಮಲಗಿದ್ದ. ಆದರೆ ಕಣ್ಣನ್ನಾದರೂ ಹೊರಳಿಸಬಹುದಿತ್ತಲ್ಲ? ಪರದೆಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕೂತಳು.

ಡಾಕ್ಟರು ಒಳ್ಳೆಯವರೇ. ಕೈಯಲ್ಲೊಂದು ಪ್ಲಾಸ್ಟಿಕ್ಕಿನ ಬೆನ್ನೆಲುಬು ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಕೆಲವು ವರ್ಷಗಳ ಹಿಂದೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರು ಇಂಜೆಕ್ಷನ್ನಿಗೆ ಹೆದರಿದ ಹಾಗೆ ನಟಿಸಿ, ಸದ್ದಿಲ್ಲದೆ ಮೂಳೆಗೆ ಇಳಿದಿತ್ತು. ಸೊಂಟದ ಮೇಲಿನ ಒಂದು ಮೂಳೆ ಒಳಗೊಳಗೇ ಟೊಳ್ಳಾಗಿ ಕುಸಿದು, ಅದರ ಚೂರು ಕಾಲಿಗೆ ಹೋಗುವ ನರಗಳನ್ನು ಒತ್ತುತ್ತಿತ್ತು. ಒತ್ತಡ ತೆಗೆದು, ಮೇಲಿನ ಕೆಳಗಿನ ಗಟ್ಟಿ ಮೂಳೆಗಳಿಗೆ ಸ್ಕ್ರೂ ಹಾಕಿ, ಎರಡು ಕಂಬಿ ಕೂರಿಸಿ, ಬೇಕಾದಲ್ಲಿ ಸಿಮೆಂಟು ತುಂಬಬೇಕು. ಇದರಿಂದ ಕ್ಯಾನ್ಸರು ವಾಸಿಯಾಗುವುದಿಲ್ಲ. ನೋವು ಕಡಿಮೆಯಾಗಿ, ಎದ್ದು ಕೂತು, ಬಚ್ಚಲಿಗೆ ತನ್ನ ಕಾಲ ಮೇಲೆ ಹೋಗಿಬರಬಹುದು, ಅಷ್ಟೇ. ಎಪ್ಪತ್ತು ದಾಟಿದ ಮೈ, ರಕ್ತ ಹೋಗಬಹುದು, ಎದೆಗೆ ಕಫ ಕಟ್ಟಬಹುದು, ಗಾಯ ನಿಧಾನಕ್ಕೆ ಮಾಯಬಹುದು, ಜೀವಕ್ಕೇ ಬರಲೂಬಹುದು. ಆದರೆ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದೆ. ಪೂರ್ತಿ ಹೋದ ಮೇಲೆ ಮಾಡಿದರೆ ವಾಪಸ್ ಬರುವ ಭರವಸೆ ಕಡಿಮೆ, ಆದ್ದರಿಂದ ನಾಳೆ ಬೆಳಿಗ್ಗೆಯೊಳಗೆ ಹೇಳಿ ಎಂದಿದ್ದರು.

"ಅಂದ್ರೆ ಕಂಬಿ ಹಾಕಿ ಪುಟ್ಟಿ ಹಚ್ತೀರಿ," ಎಂದಿದ್ದ ಗಂಡ. ಕಿಟಕಿಗೆ ಗಾಜು ಕೂರಿಸುವವನಿಗೆ ಬೇರೆ ಮಾತು ಎಲ್ಲಿಂದ ಬರಬೇಕು? ಡಾಕ್ಟರು ನಕ್ಕು, ಹೆಚ್ಚುಕಮ್ಮಿ ಹಾಗೇ ಎಂದಿದ್ದರು.

ಅವನದು ಗಾಜಿನಂಗಡಿ. ಕಿಟಕಿ ಗಾಜು, ಬೀರುವಿನ ಗಾಜು, ಗೋಡೆಗನ್ನಡಿ, ಎಲ್ಲವನ್ನೂ ಅಳತೆಗೆ ಕೊರೆದು ಮನೆಗೆ ಹೋಗಿ ಕೂರಿಸಿ ಕೊಡುವುದು. ದೊಡ್ಡ ಹಾಳೆಯನ್ನು ಒಬ್ಬರೇ ಹೊರಲಾಗುವುದಿಲ್ಲ, ಎರಡು ತುದಿಗೆ ಇಬ್ಬರು ಬೇಕು. ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಅಕ್ಕ. ಅಕ್ಕ ಮದುವೆಯಾಗಲಿಲ್ಲ, ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದುಬಿಟ್ಟಳು. ಬೀದಿಗೆಲ್ಲ ಅವಳು ಗಾಜಿನಕ್ಕ. ಇಬ್ಬರೂ ಹಾಳೆಯನ್ನು ಎತ್ತುವ ಮುಂಚೆ ಅವನು ಮೂಗಿನಲ್ಲೇ "ಹೂಂ" ಎನ್ನುತ್ತಿದ್ದ, ಆಚೆಯಿಂದ ಅವಳೂ "ಹೂಂ" ಎನ್ನುತ್ತಿದ್ದಳು. ಅಷ್ಟೇ. ಒಂದು ಮಾತಿಲ್ಲ, ಕಣ್ಸನ್ನೆಯಿಲ್ಲ. ಆಳೆತ್ತರದ ಗಾಜು ಮೆಟ್ಟಿಲಿಳಿದು, ಬಾಗಿಲು ದಾಟಿ, ಬೀದಿಯ ಜನರ ನಡುವೆ ಹೊರಟುಹೋಗುತ್ತಿತ್ತು. ಆ ಹೂಂ ಕೇಳಿದಾಗಲೆಲ್ಲ ಪರದೆಯಮ್ಮನ ಮೈ ಉರಿಯುತ್ತಿತ್ತು. ಗಂಡ ಹೆಂಡಿರ ನಡುವೆ ಇರಬೇಕಾದ ಹೂಂ ಅದು ಎಂದು ಅವಳ ಲೆಕ್ಕ.

ಅವಳೂ ಒಮ್ಮೆ ಹಿಡಿದಿದ್ದಳು. ಮದುವೆಯಾದ ಹೊಸತು, ಅಕ್ಕನಿಗೆ ಜ್ವರ, ಒಂದು ಗೋಡೆಗನ್ನಡಿ ಹೋಗಬೇಕಿತ್ತು. ನಾನಿಲ್ಲವಾ ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು. ಅಂಗಡಿಗೆ ಒಂದು ನಿಯಮವಿತ್ತು, ಮೊದಲ ದಿನವೇ ಹೇಳಿಕೊಡುತ್ತಿದ್ದರು: ಗಾಜು ಜಾರಿದರೆ ಕೈಬಿಟ್ಟು ಹಿಂದೆ ಸರಿಯಬೇಕು, ಹಿಡಿಯಲು ಹೋಗಬಾರದು. ಅವಳು ಕೇಳಿದ್ದಳು, ತಲೆಯನ್ನೂ ಆಡಿಸಿದ್ದಳು. ಹೊಸ್ತಿಲಲ್ಲಿ ಕನ್ನಡಿ ಜಾರಿದಾಗ ಗಂಡ ಕೈಬಿಟ್ಟು ಹಿಂದೆ ಹಾರಿದ, ಇವಳು ಮುಂದೆ ಹಾರಿ ಹಿಡಿದಳು. ಬಲಗೈಯ ಹೆಬ್ಬೆರಳಿನ ಬುಡದಿಂದ ಅಂಗೈಯ ಉದ್ದಕ್ಕೂ ಸೀಳಿಹೋಯಿತು. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಗಂಡ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮುಂದಿನ ಸಲ ಅವಳು ಗಾಜಿನ ಹತ್ತಿರ ಹೋದಾಗ, "ನೀನು ಬೇಡ. ಅಕ್ಕನ್ನ ಕರಿ," ಎಂದ.

ಅಲ್ಲಿಂದೀಚೆಗೆ ಅವಳು ಆ ಮಾತನ್ನು ಎಷ್ಟು ಸಲ ಕೇಳಿದಳೋ. ಸಿಟ್ಟಿಗೆ ಒಂದು ಹೊಲಿಗೆ ಯಂತ್ರ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಕಿಕೊಂಡು, ಪರದೆ ಹೊಲಿಯಲು ಕೂತಳು, ಬೀದಿಗೆಲ್ಲ ಪರದೆಯಮ್ಮನಾದಳು. ಅವರು ಗಾಜು ಕೂರಿಸಿದ ಕಿಟಕಿಗಳಿಗೆ ಇವಳ ಪರದೆ. ಬೆಳಕು ಬರಲಿ ಎಂದು ಅವರಿಬ್ಬರು ಮಾಡಿದ್ದನ್ನೆಲ್ಲ ಮುಚ್ಚುವುದೇ ನನ್ನ ಕಸುಬು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ತಮಾಷೆಯಲ್ಲಿ ಮುಕ್ಕಾಲು ಪಾಲು ನಿಜವಿತ್ತು.

ಈ ಬೆನ್ನು ಮುರಿದ ಸುದ್ದಿಯೂ ಅವಳಿಗೆ ಕೊನೆಗೆ ತಲುಪಿದ್ದು. ಅಕ್ಕ ತಮ್ಮ ಇಬ್ಬರೂ ಒಂದು ಅಂಗಡಿಯ ಷೋಕೇಸಿಗೆ ದೊಡ್ಡ ಹಾಳೆ ಎತ್ತುವಾಗ ಲಟಕ್ಕೆಂದು ಸದ್ದಾಯಿತಂತೆ. ಇಬ್ಬರೂ ಗಾಬರಿಯಾಗಿ ಗಾಜನ್ನು ಕೆಳಗಿಟ್ಟು, ಬೆಳಕಿಗೆ ಹಿಡಿದು, ಮೂಲೆ ಮೂಲೆ ಸವರಿ ನೋಡಿದರಂತೆ. ಗಾಜಿಗೆ ಏನೂ ಆಗಿರಲಿಲ್ಲ. ಸದ್ಯ ಎಂದುಕೊಂಡು ಎತ್ತಿಕೊಂಡು ಹೋಗಿ ಕೂರಿಸಿಯೂ ಬಂದರಂತೆ. ಗಂಡನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಅಕ್ಕ ನೋಡಿದಳು, ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ಮುಲಾಮು ಹಚ್ಚಿದಳು. ಬೆನ್ನು ನೋವು ಅದಕ್ಕೂ ತಿಂಗಳುಗಳ ಹಿಂದಿನಿಂದ ಇತ್ತು, ಮುಲಾಮೂ ಇತ್ತು, ಹೆಂಡತಿಗೆ ಹೇಳಬಾರದು ಎಂಬ ಒಪ್ಪಂದವೂ ಇತ್ತು. ಕಾಲು ಮರಗಟ್ಟಿ ಮೆಟ್ಟಿಲ ಮೇಲೆ ಕುಸಿದ ದಿನ ಎಲ್ಲ ಹೊರಬಿತ್ತು. ಗಂಡನ ಬೆನ್ನು ಮುರಿದಿದ್ದಕ್ಕೆ ಅತ್ತಷ್ಟೇ ಅವಳು ಆ ಮುಲಾಮಿನ ಡಬ್ಬಿಗೂ ಅತ್ತಳು. ಅರ್ಧ ಖಾಲಿಯಾಗಿತ್ತು ಅದು.

ಮಧ್ಯಾಹ್ನ ಅಕ್ಕ ಬಂದಳು. ತಮ್ಮನ ಕಾಲ ಬಳಿ ನಿಂತು ಎಲ್ಲ ಕೇಳಿಸಿಕೊಂಡು, ಬೇಡ ಎಂದಳು. ಬಿರುಕು ಬಿಟ್ಟ ಹಾಳೆಯನ್ನು ಯಾರಾದರೂ ಮತ್ತೆ ಕೊರೆಯುತ್ತಾರಾ, ಕೈ ಹಚ್ಚಿದರೆ ಇದ್ದದ್ದೂ ಚೂರಾಗುತ್ತದೆ, ಇದ್ದ ಹಾಗೆ ಒರಗಿಸಿಟ್ಟರೆ ಇದ್ದಷ್ಟು ದಿನ ಇರುತ್ತದೆ ಎಂದಳು. ಗಂಡ ಸೂರನ್ನು ನೋಡುತ್ತ, ಅದೇ ಸರಿ ಎಂದ. ಇಬ್ಬರ ತಲೆಯಲ್ಲೂ ಮೂಳೆಯೆಂದರೆ ಗಾಜೇ ಆಗಿಹೋಗಿತ್ತು. ಪರದೆಯಮ್ಮ ಬಾಯಿಬಿಟ್ಟು, ಡಾಕ್ಟರು ಹೇಳಿದ್ದು ಹಾಗಲ್ಲ, ಹೀಗೇ ಬಿಟ್ಟರೆ ಕಾಲು ಹೋಗುತ್ತದೆ ಎಂದಳು. ಅಕ್ಕ ಬೇಡ ಅಂದ ಮೇಲೆ ಮುಗಿಯಿತು ಎಂದ ಗಂಡ.

ಅವನಿಗೆ ಆಪರೇಷನ್ ಆಗಲೇಬೇಕು ಎಂಬುದು ಪರದೆಯಮ್ಮನ ಹಟ. ಅವನು ಎದ್ದು ನಿಲ್ಲಬೇಕು, ಅವಳಿಗೆ ಬೇಕಾದ್ದು ಅದೊಂದೇ. ಅವನಿಗಾಗಿ ಬೇಕೋ, ಅಕ್ಕ ಬೇಡ ಎಂದದ್ದಕ್ಕೆ ಬೇಕೋ ಎಂದು ಯಾರಾದರೂ ಒತ್ತಿ ಕೇಳಿದ್ದರೆ ಅವಳಿಗೂ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಎರಡೂ ಒಂದೇ ಒಲೆಯಲ್ಲಿ ಕುದಿಯುತ್ತಿದ್ದವು.

ಸಂಜೆ ಚಾದರ ಬದಲಿಸಲು ನರ್ಸ್ ಬಂದಳು. ಬೆನ್ನು ಮುರಿದವರನ್ನು ಹೊರಳಿಸಲು ಒಂದು ಕ್ರಮವಿದೆ. ತಲೆಯಿಂದ ಕಾಲಿನವರೆಗೆ ಮೈ ಒಂದೇ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಬೇಕು, ನಡುವೆ ಎಲ್ಲೂ ತಿರುಚಬಾರದು. ವಾರ್ಡಿನ ಇನ್ನೊಬ್ಬ ನರ್ಸ್ ಬೇರೆ ರೋಗಿಯ ಹತ್ತಿರ ಸಿಕ್ಕಿಕೊಂಡಿದ್ದರಿಂದ, ಭುಜದ ಕಡೆ ತಾನು ನಿಂತು, ಸೊಂಟದ ಕಡೆಗೆ ಒಬ್ಬರು, ತೊಡೆಯ ಕಡೆಗೆ ಒಬ್ಬರು ಬನ್ನಿ ಎಂದಳು. ಸೊಂಟಕ್ಕೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಗಂಡ ಕಣ್ಣು ಮುಚ್ಚಿ, "ಅಕ್ಕ, ನೀನು ಹಿಡ್ಕೋ," ಎಂದ. ಪರದೆಯಮ್ಮ ತೊಡೆಯ ಕಡೆಗೆ ಹೋದಳು.

ಅವನು "ಹೂಂ" ಎಂದ. ಅಕ್ಕ "ಹೂಂ" ಎಂದಳು. ಆಸ್ಪತ್ರೆಯಲ್ಲೂ ಬಿಡಲಿಲ್ಲವಲ್ಲ ಎಂದು ಇವಳು ಹಲ್ಲು ಕಚ್ಚಿದಳು. ಮೈ ಹಿಡಿದವರ ಕಡೆಗೆ ಹೊರಳಿತು, ಚೆನ್ನಾಗಿಯೇ ಹೊರಳಿತು. ಅರ್ಧ ದಾರಿಯಲ್ಲಿ ಅವನ ಬೆನ್ನಿನ ಸ್ನಾಯು ಹಿಡಿದುಕೊಂಡು, ಅವನು ಚೀರಿ, ಇಡೀ ಮೈ ಒಮ್ಮೆ ಅದುರಿ ಮಂಚದ ಅಂಚಿಗೆ ಜಾರಿತು.

ಅಕ್ಕ ಕೈಬಿಟ್ಟಳು. ಎರಡೂ ಕೈ ಅಗಲಿಸಿ ಹಿಂದಕ್ಕೆ ಹಾರಿ ಗೋಡೆಗೆ ಹೋಗಿ ನಿಂತಳು. ಪರದೆಯಮ್ಮ ಯೋಚಿಸಲಿಲ್ಲ. ಒಂದು ಕೈ ತೊಡೆಯಿಂದ ಕೀಳದೆ ಇನ್ನೊಂದನ್ನು ಸೊಂಟಕ್ಕೆ ಕೊಟ್ಟು, ಎದೆಯನ್ನೇ ಅವನ ಹೊಟ್ಟೆಗೆ ಆನಿಸಿ, ಸವೆದ ಮಂಡಿಗಳನ್ನು ಮಂಚದ ಕಬ್ಬಿಣಕ್ಕೆ ಒತ್ತಿ ನಿಂತಳು. ನರ್ಸ್ ಭುಜ ಬಿಡದೆ, ಹಾಗೇ ಇರಿ, ಅಲ್ಲಾಡಬೇಡಿ ಎನ್ನುತ್ತ, ಅವನು ಉಸಿರು ಬಿಡುವಷ್ಟು ಹೊತ್ತು ಕಾದಳು. ಇಬ್ಬರೇ ಸೇರಿ ಅವನನ್ನು ನಿಧಾನಕ್ಕೆ ಅಂಗಾತ ಮಾಡಿದರು. ಕಾಲ್ಬೆರಳು ಆಡಿಸಿ ಎಂದಳು ನರ್ಸ್. ಆಡಿದವು, ಮುಂಚಿನಷ್ಟೇ. ಆಮೇಲೆ ಅವಳು ಅಕ್ಕನ ಕಡೆ ತಿರುಗಿ, ಹೀಗೆ ಯಾರಾದರೂ ಬಿಡುತ್ತಾರಾ ಎಂದು ಚೆನ್ನಾಗಿ ಬೈದಳು. ಅಕ್ಕ ತನ್ನ ಎರಡು ಕೈಗಳನ್ನು ಬೇರೆ ಯಾರದೋ ಕೈಯೆಂಬ ಹಾಗೆ ನೋಡುತ್ತ ನಿಂತಿದ್ದಳು.

ಸುಳ್ಳು ಯಾಕೆ ಹೇಳಬೇಕು, ಪರದೆಯಮ್ಮನ ಒಳಗೆಲ್ಲೋ ಒಂದು ಸಂತೋಷ ಎದ್ದು ಕೂತಿತ್ತು. ಈಗ ಹೇಳಲಿ, ಯಾರು ಬಿಟ್ಟರು, ಯಾರು ಹಿಡಿದರು ಎಂದು ಹೇಳಲಿ. ಅವಳು ಗಂಡನ ಮುಖವನ್ನೇ ನೋಡುತ್ತ ಕಾದಳು.

ಗಂಡ ಬೆವರಿನಲ್ಲಿ ನೆಂದ ಮುಖವನ್ನು ಗೋಡೆಯ ಕಡೆಗೆ ಇಷ್ಟೇ ಇಷ್ಟು ತಿರುಗಿಸಿ, "ಹೋಗ್ಲಿ ಬಿಡಕ್ಕ. ನಾನು ಗಾಜಾಗಿದ್ದಿದ್ರೆ ನೀನು ಮಾಡಿದ್ದೇ ಸರಿ," ಎಂದು ನಕ್ಕ.

ಬಿಟ್ಟವಳಿಗೆ ಸಮಾಧಾನ. ಹಿಡಿದವಳಿಗೆ ಒಂದು ನೋಟವೂ ಇಲ್ಲ. ಪರದೆಯಮ್ಮ ನೀರು ತರುತ್ತೇನೆ ಎಂದು ಬಾಟಲಿಯನ್ನು ಎತ್ತಿಕೊಂಡು ಹೊರಗೆ ಬಂದು, ನಲ್ಲಿಯನ್ನೂ ದಾಟಿ, ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕನೂ ಬಂದು ಬೆಂಚಿನ ಆ ತುದಿಗೆ ಕೂತಳು. ಇವತ್ತು ಬಿಡುವುದಿಲ್ಲ, ಮುಲಾಮಿನ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಕೇಳುತ್ತೇನೆ ಎಂದು ಇವಳು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮಾತು ತೆಗೆದಳು.

"ನಿನ್ನ ಕೈಲಿ ಗಾಜು ಮುಟ್ಟಿಸಬೇಡ ಅಂತ ಅವನಿಗೆ ಹೇಳ್ಕೊಟ್ಟಿದ್ದು ನಾನು ಅಂತ ತಾನೇ ನೀನು ತಿಳ್ಕೊಂಡಿರೋದು?"

ಮತ್ತಿನ್ಯಾರು ಎಂದಳು ಪರದೆಯಮ್ಮ.

"ಅವನೇ. ನಿನ್ನ ಕೈ ಸೀಳಿದ ದಿನ ಅಂಗಡಿ ಹಿಂದೆ ಕೂತು ವಾಂತಿ ಮಾಡ್ಕೊಂಡ. ಅವಳು ಆ ತುದೀಲಿದ್ರೆ ನಾನು ಗಾಜು ನೋಡಲ್ಲ ಅಕ್ಕ, ಅವಳ ಕೈನೇ ನೋಡ್ತಿರ್ತೀನಿ, ಅವಳು ಬೇಡ ಅಂದ." ಅಕ್ಕ ತನ್ನ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟಳು. ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ ಹಳೆಯ ಗೆರೆಗಳು, ಒಂದರ ಮೇಲೊಂದು, ಬೆಳ್ಳಗೆ. ಪರದೆಯಮ್ಮ ಇಷ್ಟು ವರ್ಷ ಆ ಕೈಗಳನ್ನು ನೋಡಿದ್ದಳು, ಗೆರೆಗಳನ್ನು ನೋಡಿರಲಿಲ್ಲ. "ನನ್ನ ಕೈಗೆ ತಗುಲಿದ್ರೆ ಬಟ್ಟೆ ಸುತ್ತು, ಬಾ, ಹಿಡಿ ಅಂತಿದ್ದ. ಒಂದ್ಸಲನೂ ವಾಂತಿ ಬರಲಿಲ್ಲ ಅವನಿಗೆ. ಬೆನ್ನುನೋವು ಯಾಕೆ ನನಗೆ ಹೇಳಿದ ಗೊತ್ತಾ? ನಾನು ಹೆದರಿದ್ರೂ ಪರವಾಗಿಲ್ಲ ಅಂತ. ನಿನ್ನ ನೋಡಿದ್ರೆ ಹೊಟ್ಟೆ ಉರೀತಿತ್ತು ಕಣೇ ನನಗೆ. ಹಿಂದಿನ ಕೋಣೆಯಲ್ಲಿ ಭದ್ರವಾಗಿ ಕೂರಿಸಿಟ್ಟಿದ್ದ ನಿನ್ನ."

ಪರದೆಯಮ್ಮನ ಹೊಟ್ಟೆಕಿಚ್ಚು ಆರಿತು ಎಂದು ಹೇಳಿದರೆ ಯಾರೂ ನಂಬಬೇಡಿ. ಆ ಹೂಂ ಇನ್ನೂ ಕಿವಿಯಲ್ಲಿತ್ತು, ಅದನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಒಳಗೆ ವಾರ್ಡಿನಲ್ಲಿ ಎರಡು ಕಾಲುಗಳು ತಣ್ಣಗಾಗುತ್ತಿದ್ದವು, ಬೆಳಗಾದರೆ ಡಾಕ್ಟರು ಬರುತ್ತಿದ್ದರು. ತಾನು ಗಂಟಲು ಹರಿದುಕೊಂಡರೂ ಗಂಡ ಒಪ್ಪುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಪ್ಪಿಸಬಲ್ಲವರು ಯಾರು ಎಂಬುದೂ ಗೊತ್ತಿತ್ತು. ಮದುವೆಯಾದಾಗಿನಿಂದ ಯಾವ ಮಾತು ಬಾಯಿಂದ ಬರಬಾರದು ಎಂದು ಹಟ ಹಿಡಿದಿದ್ದಳೋ ಅದನ್ನೇ ಆಡಬೇಕಾಗಿ ಬಂತು.

"ಅಕ್ಕ, ನೀವೇ ಹೇಳಿ ಅವರಿಗೆ," ಎಂದಳು. "ನನ್ನ ಮಾತು ಕೇಳಲ್ಲ. ನಿಮ್ಮ ಮಾತಾದ್ರೆ ಕೇಳ್ತಾರೆ."

ಆಪರೇಷನ್ನಿನಲ್ಲಿ ಹೋಗಿಬಿಟ್ಟರೆ ಎಂದಳು ಅಕ್ಕ. ಹೋದರೆ ಇಬ್ಬರೂ ಸೇರಿ ಅಳೋಣ ಎಂದಳು ಪರದೆಯಮ್ಮ. ಅಕ್ಕ ಎದ್ದು, ಸೀರೆ ಕೊಡವಿಕೊಂಡು ವಾರ್ಡಿನ ಕಡೆ ನಡೆದಳು. ಇವಳು ಬಾಟಲಿಗೆ ನೀರು ತುಂಬಿಸಿಕೊಂಡು ಹೋಗುವಷ್ಟರಲ್ಲಿ ಒಳಗೆ ಮಾತು ಮುಗಿದಿತ್ತು. ನಾನೀಗ ಹಿಡಿಯುವ ಆಳಲ್ಲ, ನಿನ್ನ ಬೆನ್ನಿಗೆ ಕಂಬಿಯೇ ಬೇಕು ಎಂದಳಂತೆ ಅಕ್ಕ. ಸರಿ ಹಾಗಾದರೆ ಎಂದನಂತೆ ತಮ್ಮ. ಅಷ್ಟು ಸುಲಭಕ್ಕೆ. ಪರದೆಯಮ್ಮನಿಗೆ ಖುಷಿಯಾಯಿತು, ಮೈಯೂ ಉರಿಯಿತು.

ಆಪರೇಷನ್ನಿನ ದಿನ ಇಬ್ಬರೂ ಹೊರಗಿನ ಕುರ್ಚಿಗಳಲ್ಲಿ ಕಾದರು, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟುಕೊಂಡು. ಅಕ್ಕ ತಂದ ಬಿಸ್ಕತ್ತನ್ನು ಇವಳು ತಿನ್ನಲಿಲ್ಲ, ಇವಳು ತಂದ ಚಹಾವನ್ನು ಅವಳು ಕುಡಿಯಲಿಲ್ಲ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು, ಯಾರು ಮುಂದೆ ಹೋಗಬೇಕು ಎಂದು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದರು. ಕೊನೆಗೆ ಡಾಕ್ಟರು ಬಂದು, ಅಂದುಕೊಂಡದ್ದಕ್ಕಿಂತ ರಕ್ತ ಜಾಸ್ತಿ ಹೋಯಿತು, ಎರಡು ಬಾಟಲಿ ಕೊಟ್ಟಿದ್ದೇವೆ, ಆದರೆ ನರದ ಮೇಲಿನ ಒತ್ತಡ ಪೂರ್ತಿ ತೆಗೆದು ಕಂಬಿ ಗಟ್ಟಿಯಾಗಿ ಕೂರಿಸಿದ್ದೇವೆ ಎಂದರು. ಗಾಯ ಮಾಯ್ದ ಮೇಲೆ ಆ ಜಾಗಕ್ಕೆ ವಿಕಿರಣ ಕೊಡಬೇಕು, ಕ್ಯಾನ್ಸರಿನ ಲೆಕ್ಕ ಬೇರೆಯೇ ಇದೆ ಎಂದೂ ನೆನಪಿಸಿದರು. ಅವರು ಅದನ್ನು ಹೇಳಿದ್ದು ಖಾಲಿ ಕುರ್ಚಿಯನ್ನು ನೋಡಿಕೊಂಡು, ಪಾಪ, ಯಾರನ್ನು ನೋಡಬೇಕೆಂದು ಅವರಿಗೂ ತಿಳಿದಿರಲಿಲ್ಲ.

ಕೆಲವು ದಿನ ಕಳೆದು, ವ್ಯಾಯಾಮ ಮಾಡಿಸುವವನು ವಾಕರ್ ಹಿಡಿದುಕೊಂಡು ಬಂದ. ಇವತ್ತು ಎದ್ದು ನಿಲ್ಲಬೇಕು ಎಂದ. ಗಂಡನ ಎದೆಗೂ ಬೆನ್ನಿಗೂ ಪಟ್ಟಿ ಬಿಗಿದು, ಮಗ್ಗುಲಾಗಿಸಿ, ಕಾಲು ಕೆಳಗಿಳಿಸಿ, ಮಂಚದ ಅಂಚಿಗೆ ಕೂರಿಸಿದ. ಎಷ್ಟೋ ದಿನಗಳ ಮೇಲೆ ಗಂಡ ನೆಟ್ಟಗೆ ಕೂತು ಹೆಂಡತಿಯ ಮುಖವನ್ನು ಎದುರಿಗೆ ನೋಡಿದ. ನನ್ನ ಕಡೆ ನಾನಿರುತ್ತೇನೆ, ಆ ಕಡೆ ಮನೆಯವರು ಒಬ್ಬರು ಕೈ ಕೊಡಿ ಎಂದ ವ್ಯಾಯಾಮದವನು. ಅಕ್ಕ ಔಷಧಿ ತರಲು ಹೋಗಿದ್ದಳು. ಪರದೆಯಮ್ಮ ಹಾರುವಷ್ಟು ಬೇಗ ಮುಂದೆ ಬಂದು ಬಲಗೈ ಚಾಚಿದಳು. ಇವತ್ತಾದರೂ ಈ ತುದಿ ತನ್ನದು.

ಗಂಡ ತನ್ನ ಕೈಯನ್ನು ಅದರ ಮೇಲೆ ಇಡಲು ಹೋದ. ಅಂಗೈಯ ಉದ್ದಕ್ಕೂ ಇದ್ದ ಗೆರೆ ಕಣ್ಣಿಗೆ ಬಿತ್ತು. ಅವನ ಕೈ ಹಿಂದಕ್ಕೆ ಹೋಯಿತು.

"ನೀನು ಬೇಡ," ಎಂದ. "ಅಕ್ಕನ್ನ ಕರಿ."

ಯಾಕೆ, ಇವರೇ ಗಟ್ಟಿಮುಟ್ಟಾಗಿದ್ದಾರಲ್ಲ ಎಂದ ವ್ಯಾಯಾಮದವನು.

"ಇವಳು ಬಿಡಲ್ಲ ಕಣ್ರೀ," ಎಂದ ಗಂಡ. "ನಾನು ಬಿದ್ರೆ ಇವಳೂ ಕೆಳಗೆ ಬಂದ್ಬಿಡ್ತಾಳೆ. ಅಕ್ಕನಾದ್ರೆ ಬಿಟ್ಟು ಪಕ್ಕಕ್ಕೆ ಹೋಗ್ತಾಳೆ."

ಔಷಧಿಯ ಪೊಟ್ಟಣ ಹಿಡಿದು ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡಿದ ಕೂಡಲೇ ಪರದೆಯಮ್ಮನಿಗೆ ಗುರುತು ಸಿಕ್ಕಿತು. ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಕನ್ನಡಿಗಳ ಮುಂದೆ ಹಾದುಹೋಗುವಾಗಲೆಲ್ಲ ಅವಳು ಅದೇ ಉರಿಯುವ ಮುಖವನ್ನು ತನ್ನದೆಂದು ನೋಡಿಕೊಂಡು ಬಂದಿದ್ದಳು.

ಅಕ್ಕ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಂದು ತಮ್ಮನ ಪಕ್ಕ ನಿಂತು, ಗೆರೆಗಳು ತುಂಬಿದ ಕೈ ಚಾಚಿದಳು. ಅವನು ನಿಶ್ಚಿಂತೆಯಿಂದ ಅದನ್ನು ಹಿಡಿದು "ಹೂಂ" ಎಂದ. ಆಚೆಯಿಂದ ಹೂಂ ಬರಲು ಸ್ವಲ್ಪ ತಡವಾಯಿತು.

ಪರದೆಯಮ್ಮ ಕಿಟಕಿಯ ಪರದೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಅಕ್ಕನ ಮುಖವನ್ನು ಆ ಹೊತ್ತಿನಲ್ಲಿ ಯಾರೂ ನೋಡುವುದು ಬೇಡ ಎನ್ನಿಸಿತು.